ದೊಣ್ಣೆಮೆಣಸಿನಕಾಯಿಯೂ ಸ್ವಭಾವೋಕ್ತಿಯೂ

ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ (1886–1958) 1930ರ ಆಗಸ್ಟ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯದ ಕಾರ್ಮೆಲ್ ಎಂಬ ಕಡಲಂಚಿನ ಊರಿನಲ್ಲಿ ಒಂದು ದೊಣ್ಣೆಮೆಣಸಿನಕಾಯಿಯ ಚಿತ್ರವನ್ನು ತೆಗೆದನು. ‘30ನೆಯ ಮೆಣಸಿನಕಾಯಿ’ ಎಂದು ಹೆಸರಾದ ಈ ಚಿತ್ರದಲ್ಲಿರುವುದು ಒಂದೇ ಕಾಯಿ. ಅದೂ ಸಂತೆಯಲ್ಲಿ ಗೃಹಿಣಿಯೊಬ್ಬಳು ಎತ್ತಿ ನೋಡಿ ಮತ್ತೆ ಬುಟ್ಟಿಗೇ ಹಾಕುವಂತಹುದು. ಸೊಟ್ಟಗೆ ಬೆಳೆದು, ಮಡಿಕೆಬಿದ್ದು, ತನ್ನೊಳಗೇ ತಿರುಚಿಕೊಂಡಿರುವಂತಹುದು. ಆದರೆ ಕತ್ತಲೆಯೊಳಗಿಂದ ಎದ್ದುಬರುವ ಅದರ ಬೆನ್ನಿನ ಮೇಲೆ ಬೆಳಕು ಎಣ್ಣೆಯಂತೆ ಹರಿದು, ಮಡಿಕೆಯ ಅಂಚಿನಲ್ಲಿ ತುಸು ತಡೆದು, ನೆರಳಿಗೆ ಇಳಿಯುವ ಪರಿಯನ್ನು ಒಮ್ಮೆ ಕಂಡವರು ಮರೆಯಲಾರರು. ನಿತ್ಯವೂ ಹೆಚ್ಚಿ ಒಗ್ಗರಣೆಗೆ ಹಾಕುವ ವಸ್ತುವಿನಲ್ಲಿ ಇಷ್ಟು ಸೌಂದರ್ಯವು ಎಲ್ಲಿ ಅಡಗಿತ್ತು? ಕಾಯಿಯಲ್ಲಿಯೇ ಇತ್ತೋ, ವೆಸ್ಟನ್ನನ ಕಣ್ಣಿನಲ್ಲಿತ್ತೋ?

ಪ್ರಶ್ನೆಯು ಹೊಸದಲ್ಲ. ನಮ್ಮ ಆಲಂಕಾರಿಕರು ‘ಸ್ವಭಾವೋಕ್ತಿ’ಯ ಹೆಸರಿನಲ್ಲಿ ಚರ್ಚಿಸಿದುದು ಬಹುಮಟ್ಟಿಗೆ ಇದನ್ನೇ. ವಸ್ತುವನ್ನು ಇದ್ದಂತೆಯೇ ಹೇಳುವ ಮಾತಿಗೆ ದಂಡಿಯು ಅರ್ಥಾಲಂಕಾರಗಳಲ್ಲಿ ಮೊದಲ ಮಣೆಯನ್ನು ಹಾಕಿದನು. ದಂಡಿಯ ಜಾಡಿನಲ್ಲಿ ಬಹುದೂರ ನಡೆದ ‘ಕವಿರಾಜಮಾರ್ಗ’ದ ಓದುಗರಿಗೆ ಆತನ ಮತವು ಅಪರಿಚಿತವಲ್ಲ. ಕುಂತಕನಾದರೋ ಇದನ್ನು ಒಪ್ಪಲಿಲ್ಲ. ಸ್ವಭಾವವೆಂಬುದು ಕಾವ್ಯದ ಶರೀರ. ಶರೀರವೇ ಆಭರಣವಾದರೆ ಅದನ್ನು ತೊಡುವುದಾವುದು, ತನ್ನ ಹೆಗಲನ್ನು ತಾನೇ ಏರಬಲ್ಲವರುಂಟೆ ಎಂಬುದು ಆತನ ಆಕ್ಷೇಪ. ಇದಕ್ಕೆ ತಕ್ಕ ಸಮಾಧಾನವು ‘ವ್ಯಕ್ತಿವಿವೇಕ’ದ ಮಹಿಮಭಟ್ಟನಲ್ಲಿ ದೊರೆಯುತ್ತದೆ. ವಸ್ತುವಿಗೆ ಸಾಮಾನ್ಯವೆಂದೂ ವಿಶಿಷ್ಟವೆಂದೂ ಎರಡು ರೂಪಗಳು. ಬಳಕೆಯ ಶಬ್ದಕ್ಕೆ ದಕ್ಕುವುದು ಮೊದಲನೆಯದು ಮಾತ್ರ. ಎರಡನೆಯದು ಪ್ರತ್ಯಕ್ಷಕ್ಕೂ ಪ್ರತಿಭಾವಂತನ ವಾಣಿಗೂ ಗೋಚರವಾಗುವಂತಹುದು. ಆ ಪ್ರತಿಭೆಯನ್ನು ಆತನು ಶಿವನ ಮೂರನೆಯ ಕಣ್ಣಿಗೆ ಹೋಲಿಸಿದ್ದಾನೆ. (ಕ್ಯಾಮರಾಕ್ಕೆ ಇರುವುದು ಒಂದೇ ಕಣ್ಣು!)

ಒಂದೇ ಕಣ್ಣಾದರೂ ಅದು ಯಂತ್ರದ ಕಣ್ಣಾದುದರಿಂದ ವಿಶಿಷ್ಟ ರೂಪವನ್ನು ತಾನಾಗಿಯೇ ಹಿಡಿಯುತ್ತದೆಂದು ತಿಳಿಯುವವರುಂಟು. ವೆಸ್ಟನ್ನನ ದಿನಚರಿಯನ್ನು ಓದಿದವರಲ್ಲಿ ಈ ಭ್ರಮೆಯು ಉಳಿಯಲಾರದು. ಮೆಣಸಿನಕಾಯಿಗಳನ್ನು ಆತನು 1929ರಲ್ಲಿಯೂ ಚಿತ್ರಿಸಿದ್ದನು. ಮರುವರ್ಷ ಕೆಲವೇ ದಿನಗಳಲ್ಲಿ ಕನಿಷ್ಠ 30 ನೆಗೆಟಿವ್‌ಗಳನ್ನು ಮಾಡಿದನು. ಬಟ್ಟೆಯ ಹಿನ್ನೆಲೆ, ರಟ್ಟಿನ ಹಿನ್ನೆಲೆ ಯಾವುದೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಒಂದು ತಗಡಿನ ಆಲಿಕೆಯನ್ನು ಅಡ್ಡಲಾಗಿ ಮಲಗಿಸಿ, ಅದರ ಅಗಲವಾದ ಬಾಯಿಯೊಳಗೆ ಕಾಯಿಯನ್ನು ಕೂರಿಸಿದನು. ಅಡಿಗೆಮನೆಯ ಒಂದು ವಸ್ತುವನ್ನು ಕಾಣಿಸಲು ಅಡಿಗೆಮನೆಯದೇ ಇನ್ನೊಂದು ವಸ್ತು ಒದಗಿತು. ಆಲಿಕೆಯ ಬಾಗಿದ ಒಳಮೈಯಿಂದ ಮರಳಿದ ಬೆಳಕು, ನೇರ ಬೆಳಕು ಮುಟ್ಟದ ಬದಿಗಳನ್ನೂ ಮೆಲ್ಲಗೆ ಮುಟ್ಟಿತು. 8 ಅಂಗುಲ ಅಗಲ 10 ಅಂಗುಲ ಉದ್ದದ ದೊಡ್ಡ ನೆಗೆಟಿವ್. ಹತ್ತಿರದ ಉಬ್ಬೂ ಹಿಂದಿನ ತಗ್ಗೂ ಸಮನಾಗಿ ನಿಚ್ಚಳವಾಗಲೆಂದು ಮಸೂರದ ದ್ವಾರವನ್ನು ತೀರ ಕಿರಿದುಮಾಡಿದುದರಿಂದ ಹಲವು ನಿಮಿಷಗಳ ಕಾಲ ಬೆಳಕನ್ನು ಉಣಿಸಬೇಕಾಯಿತು. ಅಷ್ಟು ಹೊತ್ತೂ ಮನೆಯಲ್ಲಿ ಏನೂ ಅಲುಗುವಂತಿಲ್ಲ. ಚಿತ್ರವನ್ನು ಹಿಗ್ಗಿಸದೆ, ನೆಗೆಟಿವ್ ಇದ್ದ ಅಳತೆಯಲ್ಲಿಯೇ ಅಚ್ಚಿಸುವುದು ಆತನ ಪದ್ಧತಿ. ಇಷ್ಟರಲ್ಲಿ ಕಾಯಿ ಬಾಡತೊಡಗುತ್ತದೆ. ಚಿತ್ರ ಮುಗಿದ ಕಾಯಿಗಳು ಊಟಕ್ಕೆ ಹೋಗುತ್ತಿದ್ದುವು. ತನ್ನ ಮಾದರಿಗಳನ್ನೇ ತಿನ್ನುವೆನೆಂದು ಆತನು ನಗುತ್ತ ಬರೆದುಕೊಂಡಿದ್ದಾನೆ.

ಈ ಶ್ರಮದ ಫಲವು ಅಸಾಧಾರಣವಾದುದೆಂಬುದರಲ್ಲಿ ಸಂದೇಹವಿಲ್ಲ. ಮಹಿಮಭಟ್ಟನು ಹೇಳಿದ ವಿಶಿಷ್ಟವು ಇಲ್ಲಿ ಕೈಗೆಟುಕುವಂತೆ ಇದೆ. ಇದು ‘ಒಂದು ಮೆಣಸಿನಕಾಯಿ’ಯಲ್ಲ, ಇದೇ ಮೆಣಸಿನಕಾಯಿ. ಆದರೂ ವಿಮರ್ಶಕನು ಒಂದು ಮಾತನ್ನು ನುಂಗಿಕೊಳ್ಳುವಂತಿಲ್ಲ. ನೋಡುವವರಲ್ಲಿ ಬಹುಮಂದಿಗೆ ಇಲ್ಲಿ ಮೊದಲು ಹೊಳೆಯುವುದು ಕಾಯಿಯಲ್ಲ, ಮನುಷ್ಯನ ಬೆನ್ನು. ಕೆಲವರಿಗೆ ಅಪ್ಪಿಕೊಂಡ ಎರಡು ದೇಹಗಳು. ಅಂತಹ ಅರ್ಥವನ್ನು ತಾನು ಉದ್ದೇಶಿಸಿಲ್ಲವೆಂದು ವೆಸ್ಟನ್ನನು ಪ್ರತಿಭಟಿಸಿದನು. ಆದರೆ ಇದು ಮೆಣಸಿನಕಾಯಿಯಾಗಿದ್ದೂ ಮೆಣಸಿನಕಾಯಿಗಿಂತ ಹೆಚ್ಚಿನದು ಎಂದು ಹಿಗ್ಗಿದವನೂ ಆತನೇ. ‘ಹೆಚ್ಚಿನದು’ ಎಂದೊಡನೆ ಸ್ವಭಾವೋಕ್ತಿಯು ಉತ್ಪ್ರೇಕ್ಷೆಯ ಕಡೆಗೆ ಜಾರಿತು. ಹಾಗಾದಮೇಲೆ ಬೆನ್ನನ್ನು ಕಂಡವರನ್ನು ಬಯ್ದು ಫಲವೇನು? 1925ರಲ್ಲಿ ಮೆಕ್ಸಿಕೋದಲ್ಲಿ, ಸಭ್ಯರು ಹೆಸರಿಸಲೂ ಸಂಕೋಚಪಡುವ ಶೌಚಪಾತ್ರೆಯನ್ನು ಆತನು ಚಿತ್ರಿಸಿದಾಗ ಈ ತೊಡಕು ಅಷ್ಟಾಗಿ ಇರಲಿಲ್ಲ. ಅದರ ಬಳುಕು ಎಷ್ಟೇ ಸೊಗಸಾಗಿದ್ದರೂ ಅದು ಏನೆಂಬುದನ್ನು ನೋಡುವವನು ಮರೆಯಲಾರ.

ಇನ್ನು ಆಲಿಕೆಯ ಗತಿ? ಯಾರಾದರೂ ಹೇಳದ ಹೊರತು ಹಿಂದಿರುವುದು ಆಲಿಕೆಯೆಂದು ಚಿತ್ರದಿಂದ ತಿಳಿಯದು. ಅದು ಕೇವಲ ಕತ್ತಲೆಯಾಗಿದೆ. ಜರ್ಮನಿಯ ವಾಲ್ಟರ್ ಬೆನ್ಯಮಿನ್ 1931ರ ತನ್ನ ಪ್ರಬಂಧದಲ್ಲಿ ಇಂತಹ ಕಲೆಯ ಮೇಲೆ ಹೊರಿಸಿದ ಆರೋಪವೇ ಇದು: ಯಾವುದೋ ತಗಡಿನ ಡಬ್ಬಿಯನ್ನು ಬ್ರಹ್ಮಾಂಡಕ್ಕೆ ಏರಿಸಬಲ್ಲ ಛಾಯಾಗ್ರಾಹಕನು, ಆ ಡಬ್ಬಿಗೂ ಮನುಷ್ಯರಿಗೂ ಇರುವ ನಂಟನ್ನು ಕಾಣಲಾರ. ಆತನ ಗುರಿಯಾಗಿದ್ದುದು ಆಲ್ಬರ್ಟ್ ರೆಂಗರ್-ಪಾಟ್ಷ್‌ನ 100 ಚಿತ್ರಗಳ ಗ್ರಂಥ. 1928ರಲ್ಲಿ ಅದು ‘ಜಗತ್ತು ಸುಂದರವಾಗಿದೆ’ ಎಂಬ ಹೆಸರಿನಿಂದ ಹೊರಬಂದಿತು. ವಿಚಿತ್ರವೆಂದರೆ ಗ್ರಂಥಕರ್ತನು ಬಯಸಿದ್ದ ಹೆಸರು ‘ವಸ್ತುಗಳು’ ಎಂಬುದಷ್ಟೆ. ಸೌಂದರ್ಯದ ಘೋಷಣೆಯನ್ನು ಅಂಟಿಸಿದವರು ಪ್ರಕಾಶಕರು. ಬೆನ್ಯಮಿನ್ನನ ಬಾಣವು ಅರ್ಧ ಪ್ರಕಾಶಕರಿಗೇ ತಗುಲಬೇಕಾಗಿತ್ತು.

ವಸ್ತುವನ್ನು ಅದರ ನೆಲೆಯಿಂದ ಕೀಳದೆ ಕಂಡವನೊಬ್ಬನು ಪ್ರಾಗ್ ನಗರದಲ್ಲಿದ್ದನು. ಯೋಸೆಫ್ ಸುಡೆಕ್ (1896–1976) ಮೊದಲನೆಯ ಮಹಾಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡವನು. ನಾಜಿಗಳು ಪ್ರಾಗನ್ನು ಆಕ್ರಮಿಸಿದ್ದ ಕಾಲದಲ್ಲಿ ಬೀದಿಯಲ್ಲಿ ಕ್ಯಾಮರಾ ಹಿಡಿಯುವುದು ಅಪಾಯವಾಗಿರಲು, 1940ರಿಂದ ತನ್ನ ಪುಟ್ಟ ಕಾರ್ಯಶಾಲೆಯ ಕಿಟಕಿಯನ್ನೇ ಚಿತ್ರಿಸತೊಡಗಿ, ಯುದ್ಧ ಮುಗಿದ ಬಳಿಕವೂ 1954ರವರೆಗೆ ಬಿಡಲಿಲ್ಲ. ನೆಗೆಟಿವ್‌ನ ಅಳತೆಯಲ್ಲಿಯೇ ಅಚ್ಚಿಸುವ ಪದ್ಧತಿಯನ್ನು ಆತನೂ ಹಿಡಿದದ್ದು ಆ ವರ್ಷಗಳಲ್ಲಿಯೇ. ಅಲ್ಲಿ ಕಾಣುವುದು ಕಿಟಕಿಯ ಹಲಗೆಯ ಮೇಲಿನ ಒಂದು ಗಾಜಿನ ಲೋಟ, ಅರ್ಧ ನೀರು, ಕೆಲವೊಮ್ಮೆ ಒಂದು ಹೂವು. ಹಿಂದೆ ಆವಿ ಕಟ್ಟಿ ಹನಿ ಇಳಿಯುತ್ತಿರುವ ಗಾಜು, ಅದರಾಚೆ ಅಂಗಳದ ಡೊಂಕು ಮರ. ವೆಸ್ಟನ್ನನ ಕಾಯಿಯ ಬಿಗುಪು ಇಲ್ಲಿಲ್ಲ. ಕೆಲವು ಚಿತ್ರಗಳು ಮಂಕಾಗಿಯೇ ಇವೆ ಎನ್ನಬೇಕು. ಆದರೆ ಆ ಲೋಟವನ್ನು ಬೇರೊಂದಕ್ಕೆ ಹೋಲಿಸಬೇಕೆಂದು ಯಾರಿಗೂ ತೋರುವುದಿಲ್ಲ. ನೀರನ್ನು ಯಾರೋ ಈಗತಾನೆ ಕುಡಿದು ಇಟ್ಟಿದ್ದಾರೆ. ಹೊರಗೆ ಚಳಿಯಿದೆ, ಒಳಗೆ ಮನುಷ್ಯನ ಉಸಿರಿದೆ, ಅದು ಗಾಜಿನ ಮೇಲೆ ಹನಿಯಾಗಿ ಕುಳಿತಿದೆ.