ಡಯಾಲಿಸಿಸ್‌ಗೆ ಯಾಕಿಷ್ಟು ಅವಸರ?

ಕಿಡ್ನಿ ಕೈಕೊಡ್ತಿದೆ ಅಂದ್ರೆ ಡಯಾಲಿಸಿಸ್ ಬೇಗ ಶುರು ಮಾಡಿದಷ್ಟೂ ಒಳ್ಳೇದು ಅಂತ ಬಹಳ ಡಾಕ್ಟರುಗಳು ನಂಬಿದ್ದರು. ಆ ನಂಬಿಕೆಯನ್ನ ಒರೆಗೆ ಹಚ್ಚಿದ್ದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ‘ಐಡಿಯಲ್’ ಅಧ್ಯಯನ. ಪ್ರಕಟವಾಗಿದ್ದು 2010ರಲ್ಲಿ. 828 ರೋಗಿಗಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಕಿಡ್ನಿಯ ಸೋಸುವ ಶಕ್ತಿ ನಿಮಿಷಕ್ಕೆ 10ರಿಂದ 14 ಮಿಲಿಲೀಟರ್ ಇದ್ದಾಗಲೇ ಒಂದು ಗುಂಪಿಗೆ ಡಯಾಲಿಸಿಸ್, 5ರಿಂದ 7ಕ್ಕೆ ಇಳಿದ ಮೇಲೆ ಇನ್ನೊಂದಕ್ಕೆ. ಸುಮಾರು ಮೂರೂವರೆ ವರ್ಷ ಗಮನಿಸಿದರೂ ಸಾವಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇದಕ್ಕೊಂದು ಆಕ್ಷೇಪ ಇದೆ. ತಡದ ಗುಂಪಿನ ನಾಲ್ಕರಲ್ಲಿ ಮೂರು ಜನ 7ಕ್ಕೆ ಇಳಿಯೋ ಮೊದಲೇ, ಹೆಚ್ಚಿನವರು ರೋಗಲಕ್ಷಣ ಜಾಸ್ತಿಯಾಗಿ, ಡಯಾಲಿಸಿಸ್ ಶುರು ಮಾಡಿದರು. ಹಾಗಾದ್ರೆ ಹೋಲಿಕೆಯೇ ಕೆಟ್ಟಿತಲ್ಲ? ನನಗೇನೋ ಅಧ್ಯಯನದ ಸತ್ವ ಇರೋದೇ ಅಲ್ಲಿ ಅನ್ಸುತ್ತೆ. ನಂಬರ್ ನೋಡಿ ಓಡದೆ, ಮೈ ಏನು ಹೇಳುತ್ತೆ ಅಂತ ಕಾದರು. (ಡ್ಯಾಶ್‌ಬೋರ್ಡ್ ಕೆಂಪಾದ ತಕ್ಷಣ ಸರ್ವರ್ ರೀಸ್ಟಾರ್ಟ್ ಮಾಡೋರು ನಮ್ಮ ಆಫೀಸಲ್ಲೂ ಇದ್ದಾರೆ!) ಅಷ್ಟರಲ್ಲೇ ಡಯಾಲಿಸಿಸ್ ಐದಾರು ತಿಂಗಳು ಮುಂದಕ್ಕೆ ಹೋಯ್ತು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಮಿಷನ್ ಪಕ್ಕ ಮಲಗಬೇಕು ಅಂದ್ರೆ, ನಮ್ಮೂರಿಂದ ಬಸ್ ಹಿಡಿದು ಹೋಗೋರಿಗೆ ಅದು ಅರ್ಧ ವಾರದ ಕೂಲಿ.

ನನ್ನ ತಕರಾರು ಬೇರೆ. ಆ 828 ಜನ ಮೊದಲಿಂದಲೂ ಕಿಡ್ನಿ ತಜ್ಞರ ಕಣ್ಗಾವಲಿನಲ್ಲಿದ್ದವರು. ಉಸಿರು ಕಟ್ಟಿದ ಮೇಲೆ ಮೊದಲ ಸಲ ಆಸ್ಪತ್ರೆ ಮೆಟ್ಟಿಲು ಹತ್ತುವವರ ‘ತಡ’ದ ಬಗ್ಗೆ ‘ಐಡಿಯಲ್’ ಏನೂ ಹೇಳಲ್ಲ.