ಲಾಂಛನ, ಧ್ವಜ, ತೂರ್ಯ: ಎನ್.ಸಿ.ಸಿ. ಚಿಹ್ನೆಯ ಒಂದು ವಿಮರ್ಶೆ

ಇಂದಿನ ಕನ್ನಡದಲ್ಲಿ ‘ಲಾಂಛನ’ ಎಂಬ ಪದವು ಸರಕಾರದ ಮುದ್ರೆಯಿಂದ ಹಿಡಿದು ಶಾಲಾ ಸಮವಸ್ತ್ರದ ಬಿಲ್ಲೆಯವರೆಗೆ ಎಲ್ಲಕ್ಕೂ ಸಲ್ಲುತ್ತದೆ. ಶಾಸನಕವಿಗಳು ಅದನ್ನು ಇಷ್ಟು ಸಡಿಲವಾಗಿ ಬಳಸಿದವರಲ್ಲ. ಗೋವೆಯ ಕದಂಬರ ಪ್ರಶಸ್ತಿಗಳಲ್ಲಿ ಲಾಂಛನ ಸಿಂಹ, ಧ್ವಜ ವಾನರ, ತೂರ್ಯ ಪೆರ್ಮಟ್ಟಿ. ಸವದತ್ತಿಯ ರಟ್ಟರಿಗೆ ಲಾಂಛನ ಆನೆಯಾದರೆ ಧ್ವಜ ಗರುಡ. ದಾನಪತ್ರವನ್ನು ಕೈಯಲ್ಲಿ ಹಿಡಿದು ನೋಡುವವನಿಗೆ ಒಂದು ಗುರುತು, ದೂರದಿಂದ ದಂಡನ್ನು ಕಾಣುವವನಿಗೆ ಇನ್ನೊಂದು, ಧೂಳಿನಲ್ಲಿ ಏನೂ ಕಾಣದವನ ಕಿವಿಗೆ ಮತ್ತೊಂದು.

1948ರ ಕಾಯಿದೆಯಿಂದ ರೂಪುಗೊಂಡ ರಾಷ್ಟ್ರೀಯ ಕೆಡೆಟ್ ದಳದ ಚಿಹ್ನೆಗಳನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಅದರ ಕೆಂಪು, ಕಡುನೀಲಿ, ತಿಳಿನೀಲಿಗಳು ಕ್ರಮವಾಗಿ ಭೂಸೇನೆ, ನೌಕಾಸೇನೆ, ವಾಯುಸೇನೆಗಳನ್ನು ಸೂಚಿಸುತ್ತವೆ. ಧ್ವಜವಾಗಿ ಇದು ಯಶಸ್ವಿ. ಮೈದಾನದ ಅಂಚಿನಿಂದಲೂ ಓದಿಸಿಕೊಳ್ಳುತ್ತದೆ. ನಡುವಿನ ಬಿಲ್ಲೆಯನ್ನು ಸುತ್ತುವರಿದ 17 ತಾವರೆಗಳ ಮಾತು ಬೇರೆ. ಅವು 17 ನಿರ್ದೇಶನಾಲಯಗಳ ಸಂಕೇತ. ಕರ್ನಾಟಕಕ್ಕೂ ಗೋವೆಗೂ ಸೇರಿ ದಕ್ಕಿರುವುದು ಒಂದೇ ತಾವರೆ. ಸಿಂಹ ಮತ್ತು ವಾನರಗಳ ಗೋವೆ ಕನ್ನಡ ನಾಡಿನೊಡನೆ ಹೀಗೆ ಒಂದು ಹೂವಿನಲ್ಲಿ ಕೂಡಿರುವುದು ಆಡಳಿತದ ಅನುಕೂಲದಿಂದಲೇ ಹೊರತು ಇತಿಹಾಸಪ್ರಜ್ಞೆಯಿಂದಲ್ಲ.

ಸಂಕೇತವನ್ನು ಕಚೇರಿಗಳ ಲೆಕ್ಕಕ್ಕೆ ಕಟ್ಟಿಹಾಕಿರುವುದೇ ಇಲ್ಲಿನ ದೌರ್ಬಲ್ಯ. 2014ರಲ್ಲಿ ಆಂಧ್ರಪ್ರದೇಶ ಎರಡಾದಾಗ ನಿರ್ದೇಶನಾಲಯವು ಒಂದಾಗಿಯೇ ಉಳಿದದ್ದರಿಂದ ತಾವರೆಗಳ ಎಣಿಕೆ ಉಳಿಯಿತು. ಆಡಳಿತದ ಗೆರೆಗಳು ಎಷ್ಟು ಚಂಚಲವೆಂಬುದನ್ನು ಚಿಗಟೇರಿಯವರಿಗೆ ಹೇಳಬೇಕಾಗಿಲ್ಲ. ಅವರ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅದೇ ತಾಲ್ಲೂಕಿನ ಉಚ್ಚಂಗಿದುರ್ಗವನ್ನು ಆಳಿದ ನೊಳಂಬರ ಮುದ್ರೆಯ ನಂದಿಯಾದರೋ ಯಾವ ಗಡಿಯ ಎಣಿಕೆಯನ್ನೂ ಹೊತ್ತಿರಲಿಲ್ಲ; ರಾಜ್ಯ ಹಿಗ್ಗಿದರೂ ಕುಗ್ಗಿದರೂ ನಂದಿ ನಂದಿಯೇ.

ಬೇರೊಂದು ಮಾತನ್ನೂ ಒಪ್ಪಬೇಕು. ನೊಳಂಬರ ನಂದಿ ಒಂದು ಮನೆತನದ ಸ್ವತ್ತು; ಹೊರಗಿನವನು ಅದನ್ನು ಧರಿಸುವಂತಿರಲಿಲ್ಲ. ಕೆಡೆಟ್ಟಿನ ಟೊಪ್ಪಿಗೆಯ ಬಿಲ್ಲೆಯನ್ನು ಯಾವ ಕುಲದ ಹುಡುಗಿಯಾದರೂ ಸೇರ್ಪಡೆಯಾದ ಹಕ್ಕಿನಿಂದ ಧರಿಸುತ್ತಾಳೆ. ಪ್ರಶಸ್ತಿಕಾರರ ಊಹೆಗೂ ನಿಲುಕದ ಈ ಬದಲಾವಣೆಯನ್ನು ಹೇಳುವ ಗುರುತು ಮಾತ್ರ ಬಿಲ್ಲೆಯಲ್ಲೆಲ್ಲೂ ಇಲ್ಲ. 1980ರಲ್ಲಿ ಅಂಗೀಕೃತವಾದ ‘ಏಕತೆ ಮತ್ತು ಶಿಸ್ತು’ ಎಂಬ ಧ್ಯೇಯವಾಕ್ಯ ಅದನ್ನು ಅರ್ಧಕ್ಕೆ ಹೇಳಿ ನಿಲ್ಲಿಸುತ್ತದೆ. ಉಳಿದರ್ಧ ದಕ್ಕುವುದು ‘ಹಮ್ ಸಬ್ ಭಾರತೀಯ ಹೈಂ’ ಎಂಬ ದಳದ ಗೀತೆಯಲ್ಲಿ, ಅಂದರೆ ಪೆರ್ಮಟ್ಟಿಯ ಸ್ಥಾನದಲ್ಲಿ.