ರೋಮನೆಸ್ಕ್ ಬೋದಿಗೆಯ ಮೃಗಗಳು

ಕ್ಲೇರ್ವೋದ ಮಠಾಧಿಪತಿ ಸಂತ ಬರ್ನಾರ್ಡನು ೧೧೨೫ರ ಸುಮಾರಿನಲ್ಲಿ ತನ್ನ ಮಿತ್ರ ಗಿಯೋಮನಿಗೆ ಬರೆದ ಪತ್ರರೂಪದ ಗ್ರಂಥದಲ್ಲಿ, ಸನ್ಯಾಸಿಗಳು ಓದುತ್ತ ಕುಳಿತುಕೊಳ್ಳುವ ಕೈಸಾಲೆಗಳಲ್ಲಿ ಕಪಿ, ಸಿಂಹ, ನರಾಶ್ವಗಳಿಗೂ ಒಂದೇ ತಲೆಗೆ ಹಲವು ಒಡಲುಗಳನ್ನು ಹೊಂದಿಸಿದ ವಿಕಾರಗಳಿಗೂ ಏನು ಕೆಲಸವೆಂದು ಕೇಳಿದ್ದಾನೆ. ಯುರೋಪಿನ ರೋಮನೆಸ್ಕ್ ಶಿಲ್ಪದ ಪ್ರಾಣಿರೂಪಗಳನ್ನು ಕುರಿತ ಚರ್ಚೆ ಇಂದಿಗೂ ಬಹುಮಟ್ಟಿಗೆ ಈ ಪ್ರಶ್ನೆಯ ಸುತ್ತಲೇ ತಿರುಗುತ್ತಿದೆ.

ಸುಲಭವಾಗಿ ದೊರೆಯುವ ಉತ್ತರ ಸಂಕೇತವಾದಿಗಳದು. ಮಧ್ಯಯುಗದ ಮೃಗಕಥಾಗ್ರಂಥಗಳನ್ನು ತೆರೆದಿಟ್ಟುಕೊಂಡು ಪ್ರತಿಯೊಂದು ಮೃಗಕ್ಕೂ ಒಂದೊಂದು ನೀತಿಯನ್ನು ಅವರು ಹಚ್ಚುತ್ತಾರೆ. ಆದರೆ ಬೈಬಲಿನಲ್ಲಿಯೇ ಸಿಂಹವು ಒಂದೆಡೆ ಕ್ರಿಸ್ತನಿಗೆ, ಇನ್ನೊಂದೆಡೆ ಸೈತಾನನಿಗೆ ಉಪಮಾನವಾಗಿದೆ. ಇಂತಹ ಸಂಕೇತದಿಂದ ಯಾವ ಬೋದಿಗೆಯನ್ನು ತಾನೆ ವಿವರಿಸಬಹುದು? ಮೇಲಾಗಿ, ಮುಂದೆ ಪರಮಗೀತದ ಮೇಲೆ ದೀರ್ಘ ಪ್ರವಚನಮಾಲೆಯನ್ನೇ ರಚಿಸಿದ, ಗೂಢಾರ್ಥಗಳಲ್ಲಿ ನುರಿತ ಬರ್ನಾರ್ಡನಿಗೇ ಈ ಮೃಗಗಳಲ್ಲಿ ಯಾವ ಉಪದೇಶವೂ ಕಾಣಲಿಲ್ಲ. ೧೯೨೨ರಲ್ಲಿ ಎಮಿಲ್ ಮಾಲ್ ಎಂಬ ವಿದ್ವಾಂಸನು ಇವುಗಳಲ್ಲಿ ಹೆಚ್ಚಿನವು ಪೂರ್ವದೇಶಗಳ ರೇಷ್ಮೆವಸ್ತ್ರಗಳಿಂದ ಬಂದ ಅಲಂಕಾರಗಳೆಂದನು. ಅದು ಮೃಗಗಳು ಬಂದ ದಾರಿಯನ್ನು ಹೇಳುತ್ತದೆ. ಕಲ್ಲಿನಲ್ಲಿ ಅವು ನೆಲೆಸಿದ ಕಾರಣವನ್ನಲ್ಲ.

ಆ ಕಾರಣವನ್ನು ಕಲ್ಲಿನಲ್ಲಿಯೇ ಅರಸಿದವರು ಆಂರಿ ಫೋಸಿಯೋನ್ ಮತ್ತು ಅವನ ಶಿಷ್ಯ ಬಾಲ್ಟ್ರುಶಾಯ್ಟಿಸ್. ಇಬ್ಬರ ಗ್ರಂಥಗಳೂ ೧೯೩೧ರಲ್ಲಿ ಪ್ರಕಟವಾದವು. ಬೋದಿಗೆಯ ಕೆಲಸ ದುಂಡುಕಂಬದಿಂದ ಚೌಕದ ಮೇಲ್ಗಲ್ಲಿಗೆ ಸಾಗುವುದು. ಆದುದರಿಂದ ಮೂಲೆಗಳೇ ಅದರ ಮರ್ಮಸ್ಥಾನ. ೧೦೦೧ರಲ್ಲಿ ಆರಂಭವಾದ ದಿಜೋನ್‌ನ ಸ್ಯಾಂ-ಬೆನಿನ್ಯ್ ದೇವಾಲಯದ ನೆಲಮಾಳಿಗೆಯಲ್ಲಿ, ಕೈಯೆತ್ತಿದ ಪ್ರಾರ್ಥಕರ ಜೊತೆಗೆ ವಿಕಾರಮೃಗಗಳೂ ಬೋದಿಗೆಯ ಆಕಾರಕ್ಕೆ ಮೈಯನ್ನು ಒಪ್ಪಿಸಿಕೊಂಡಿವೆ. ಎರಡು ಪಕ್ಕಗಳಲ್ಲಿ ಎರಡು ಒಡಲುಗಳನ್ನು ಕೆತ್ತಿ ಮೂಲೆಯಲ್ಲಿ ಒಂದೇ ತಲೆಯಿಂದ ಕೂಡಿಸಿದರೆ ಭಾರ ಹೊರುವ ಜಾಗಕ್ಕೆ ಒಂದು ಮುಖ ಬರುತ್ತದೆ. ಬರ್ನಾರ್ಡನು ವಿಕಾರವೆಂದು ಹಳಿದದ್ದು ಕಲ್ಲುಕುಟಿಗನಿಗೆ ಜಾಣತನದ ಪರಿಹಾರವಾಗಿತ್ತು!

ಹಾಗೆಂದು ಚೌಕಟ್ಟಿನ ನಿಯಮವೇ ಎಲ್ಲವೂ ಅಲ್ಲ. ಅಂತಹ ಸೂತ್ರಗಳು ಶಿಲ್ಪದ ವಸ್ತುವನ್ನೂ ಶಿಲ್ಪಿಯ ಆಯ್ಕೆಯನ್ನೂ ಮರೆಸುತ್ತವೆ ಎಂಬ ಮೇಯರ್ ಶಪೀರೋನ ಆಕ್ಷೇಪಕ್ಕೆ ಸೂಯಾಕ್‌ನ ಬಾಗಿಲ ನಡುಗಂಬವೇ ಸಾಕ್ಷಿ. ಮ್ವಾಸಾಕ್‌ನ ನಡುಗಂಬದ ಮೂರು ಜೋಡಿ ಸಿಂಹಗಳು ಕತ್ತರಿಯಂತೆ ಹೆಣೆದುಕೊಂಡು ಕಲ್ಲಿನ ಅಂಚನ್ನು ವಿನಯದಿಂದ ಪಾಲಿಸಿದರೆ, ಸೂಯಾಕ್‌ನಲ್ಲಿ ಮೃಗಗಳು ಒಂದನ್ನೊಂದು ಕಚ್ಚಿ ನುಂಗುವ ರಭಸಕ್ಕೆ ಅಂಚಿನ ಪುಟ್ಟ ಕಂಬಗಳೇ ಡೊಂಕಾಗಿವೆ. ಇಲ್ಲಿ ಚೌಕಟ್ಟು ಮೃಗಕ್ಕೆ ಮಣಿದಿದೆ.

೧೨ನೆಯ ಶತಮಾನದ ಓನೇ ದೇವಾಲಯದ ಒಂದು ಬೋದಿಗೆಯಲ್ಲಿ ಆನೆಗಳಿವೆ. ಆನೆಯ ನಾಡಿನವರು ಕಂಡರೆ ಮುಗುಳ್ನಗಬಹುದಾದ ಆನೆಗಳು. ಅವುಗಳ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಕೆತ್ತಿರುವುದು ನೀತಿಯನ್ನಲ್ಲ, ಇವು ಆನೆಗಳು ಎಂಬಷ್ಟನ್ನೇ. ಓದನ್ನು ಬಿಟ್ಟು ಇಡೀ ದಿನ ಇಂತಹವನ್ನೇ ನೋಡುತ್ತ ನಿಲ್ಲುವ ಸನ್ಯಾಸಿಗಳ ವಿಷಯವಾಗಿ ಬರ್ನಾರ್ಡನು ದೂರಿದ್ದು ಸುಳ್ಳಾಗಿರಲಾರದು. ಒಂದೊಂದು ಮೃಗವನ್ನೂ ಅಷ್ಟು ಬಿಡಿಸಿ ವರ್ಣಿಸಬೇಕಾದರೆ ಅವನೂ ಬಹಳ ಹೊತ್ತು ನಿಂತು ನೋಡಿರಬೇಕು.